ಕಳ್ಳಕುಬಸದ ಬಳೆ

ಬೀದರಿನ ಅಂಗಡಿಗಳಲ್ಲಿ ಹಸಿರು ಗಾಜಿನ ಬಳೆ ಸದ್ದು ಮಾಡಿದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಅವ್ವ ಎರಡನೇ ಸಲ ಬಸುರಾದಾಗ, ಮೂರನೇ ತಿಂಗಳಲ್ಲಿ ಮನೆಮಟ್ಟಿಗೆ ಗುಟ್ಟಾಗಿ ಮಾಡುವ ಕಳ್ಳಕುಬಸದಲ್ಲಿ ಅಂಥ ಬಳೆಗಳನ್ನು ತೊಡಿಸಿದವಳು ಅಪ್ಪನ ತಾಯಿ, ನಮ್ಮ ಆಯಿ. ಆಮೇಲೊಂದು ಮಧ್ಯಾಹ್ನ ನಮ್ಮಿಬ್ಬರನ್ನೂ ರಾಜ್ಯದ ಗಡಿಯಾಚೆಯ ದವಾಖಾನೆಗೆ ಕರೆದೊಯ್ದಳು. ಅವ್ವನ ಹೊಟ್ಟೆ ಪರೀಕ್ಷಿಸಿದ ಡಾಕ್ಟರು ಹೊರಗೆ ಬಂದು ಆಯಿಯ ಕಿವಿಯಲ್ಲಿ ಏನೋ ಹೇಳಿದರು.

“ಇದೂ ಹೆಣ್ಣೇನ್ರಿ?” ಎಂದ ಆಯಿ ನನ್ನ ಕಡೆ ನೋಡಿದಳು.

ಸಂಜೆ ಅವ್ವನನ್ನು ರಟ್ಟೆ ಹಿಡಿದು ಹೊರಗೆ ಕರೆತಂದರು. ಅವಳ ಮುಖ ಬಿಳಚಿತ್ತು. ಬಸ್ಸಿನಲ್ಲಿ ಆಯಿ ಅವಳ ಬಳೆಗಳನ್ನು ಒಂದೊಂದಾಗಿ, ಒಡೆಯದಂತೆ ಕಳಚಿ ಸೆರಗಿನಲ್ಲಿ ಕಟ್ಟಿಕೊಂಡಳು.

“ಇರ್ಲಿ, ಮುಂದಿನ ಸಲಕ್ಕ ಆಗ್ತಾವ.”

ಔರಾದದಲ್ಲಿ ಬಸ್ಸು ನಿಂತಿತು.

“ಇಳಿ, ಒಂದಕ್ಕ ಹೋಗಿ ಬಾ” ಎಂದಳು ಆಯಿ ನನಗೆ.

ತಡೆಯಲಾಗದಷ್ಟು ಬಂದಿತ್ತು. ಆದರೂ ಸೀಟಿನ ಸರಳು ಬಿಗಿಹಿಡಿದು ಒಲ್ಲೆ ಅಂದೆ. ಇಳಿದಿದ್ದರೆ ನನ್ನನ್ನೂ ಬಿಟ್ಟು ಹೋಗುತ್ತಿದ್ದರು.