ವಾಡೆಯ ಬಾಗಿಲು

ಕೆಡವಿದ ಮನೆಗಳ ಸಾಮಾನು ಕೊಂಡು ಬಡವರಿಗೆ ಮನೆ ಕಟ್ಟಿಕೊಡುವುದು ಆ ಆರ್ಕಿಟೆಕ್ಟ್‌ನ ರೂಢಿ. ಡೊಂಕಾದ ಮೊಳೆಯನ್ನೂ ಬಡಿದು ನೆಟ್ಟಗೆ ಮಾಡಿಕೊಳ್ಳುವ ಮನುಷ್ಯ. ಈ ಸಲ ಧಣಿಗಳ ಹಳೆಯ ವಾಡೆಯ ಜೋಡಿ ಕದದ ತೇಗದ ಬಾಗಿಲು ಸಿಕ್ಕಿತ್ತು. ಅದನ್ನು ಪೌರಕಾರ್ಮಿಕೆ ಹುಲಿಗೆವ್ವನ ಹೊಸ ಮನೆಯ ಮುಂದೆ ಒರಗಿಸಿದ್ದ. ಸುದ್ದಿ ತಿಳಿದು ಧಣಿ ಕಾರಿನಲ್ಲಿ ಬಂದ.

“ನಿಮಗ ತಲಿ ಐತೇನ್ರೀ? ನಮ್ಮಜ್ಜ ಇವರನ್ನ ಆ ಬಾಗಿಲ ಸನೇಕ ಬಿಟ್ಟಿರಲಿಲ್ಲ. ಅದನ್ನ ಇವರ ಮನೀಗೆ ತಲಬಾಗಿಲ ಮಾಡತೀರಾ?”

“ಗಟ್ಟಿಮುಟ್ಟು ಅದ. ಹೊಸದಕ್ಕಂತ ಮತ್ತೊಂದು ಮರಾ ಯಾಕ ಕಡಿಯೂಣ್ರೀ?”

“ಹೊಸಾವು ಎರಡು ಬಾಗಿಲ ನಾನ ಕೊಡಸ್ತೀನಿ. ಇದನ್ನ ಮಾತ್ರ ಮುಂದ ಹಚ್ಚಬ್ಯಾಡ್ರಿ.”

“ಮನ್ಯಾಗ ಇರೋರು ಹೇಳಿದಲ್ಲಿ ಬಾಗಿಲ ಹಚ್ಚಾಂವ ನಾನು. ಆಕೀನ್ನ ಕೇಳ್ರಿ.”

ಧಣಿ ಆಕೆಯ ಕಡೆ ತಿರುಗಲಿಲ್ಲ. ಹುಲಿಗೆವ್ವ ತಾನೇ ಮುಂದೆ ಬಂದು ಕೆತ್ತನೆಯ ಮೇಲೆ ಕೈಯಾಡಿಸಿದಳು.

“ನಮ್ಮವ್ವ ಇಪ್ಪತ್ತು ವರ್ಷ ಇವರ ಹೊಲಸು ಹೊತ್ತಾಳ್ರೀ. ಹಿತ್ತಲ ಸಂದ್ಯಾಗ ಬಂದು ಹೋಗತಿದ್ಲು, ಈ ಬಾಗಿಲ ಒಮ್ಮಿನೂ ನೋಡಲಿಲ್ಲ. ಇದು ಮುಂದ ಬ್ಯಾಡ್ರೀ ಸರ್. ಮುಂದಕ್ಕ ನಂಗ ತಗಡಿನ ಬಾಗಿಲ ಸಾಕು.”

ಆರ್ಕಿಟೆಕ್ಟ್‌ನ ಮುಖ ಸಣ್ಣಗಾಯಿತು. ಧಣಿ ನಕ್ಕ.

“ನೋಡ್ರಿ, ಆಕೀಗೆ ತಿಳದದ್ದು ಇಷ್ಟು ಓದಿದ ನಿಮಗ ತಿಳೀಲಿಲ್ಲ.”

“ಎರಡು ಕದ ಅದಾವಲ್ರೀ ಸರ್,” ಎಂದಳು ಹುಲಿಗೆವ್ವ. “ಒಂದು ಬಚ್ಚಲಕ್ಕ ಹಚ್ರಿ, ಇನ್ನೊಂದು ಪಾಯಖಾನಿಗೆ.”