ಬ್ಯಾಂಡಿಗೆ ಲೋಬಾನ

ದವಡೆಯ ಕ್ಯಾನ್ಸರ್ ಹಿಂಡತೊಡಗಿದಾಗ ಬೂದೆಪ್ಪ ಮಣಿಕೊಂಡದ ತನ್ನ ಶೆಡ್ಡಿನ ತಗಡಿಗೆ ತಲೆ ಚಚ್ಚಿಕೊಂಡ. ಅವನ ಮಣಿಕಟ್ಟಿಗೆ ಹೋದ ತಿಂಗಳು ಪರೀಕ್ಷೆಗೆಂದು ಗಡಿಯಾರದಂಥ ಬ್ಯಾಂಡ್ ಕಟ್ಟಿಹೋಗಿದ್ದ ಕಂಪನಿಯ ಆಶಿಷ್, ಈಗ ಪಕ್ಕದಲ್ಲೇ ಕೂತು ತನ್ನ ಮೊಬೈಲಿನಲ್ಲಿ ಏರಿದ ಕೆಂಪು ಗೆರೆ ಕಂಡು ಹಿಗ್ಗಿದ. "ವಾಹ್! ಎಷ್ಟು ಚಲೋ ರೀಡಿಂಗ್ ಬಂತ್ರಿ!"

ಆ ಬ್ಯಾಂಡಿಗೆ ದಿನಾ ಸಂಜೆಯಂತೆ ಇಂದೂ, ದರ್ಗಾದ ತಾಯತಕ್ಕೆ ಹಿಡಿದಂತೆ, ಲೋಬಾನದ ಹೊಗೆ ಹಿಡಿಯುತ್ತಿದ್ದ ಬೂದೆಪ್ಪನ ಹೆಂಡತಿ ಅನ್ನಮ್ಮನ ಕೈ ಅಲ್ಲೇ ನಿಂತಿತು. "ಸಾಹೇಬ್ರ, ಇದು ನೋವು ಎಳಕೊಳ್ಳೂದಿಲ್ಲೇನ್ರಿ?"

"ಇಲ್ಲಮ್ಮ, ನೋವು ಎಷ್ಟೈತಿ ಅಂತ ಅಳೀತೈತಿ. ಅಷ್ಟೇ."

"ಅಂದ್ರ ಇಷ್ಟು ದಿನಾ ಬರೀ ನೋಡ್ಕೋತ ಕುಂತಿತ್ತೇನ್ರಿ?"

ಸತ್ತ ಹಲ್ಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಬ್ಯಾಂಡನ್ನು ಬಿಚ್ಚಿದ ಅನ್ನಮ್ಮ, ಗಂಡ ಕೀವು ಉಗುಳುವ ಡಬ್ಬಿಗೆ ಅದನ್ನು ಹಾಕಿದಳು.

ಆಗ ಮಾತ್ರ ಆಶಿಷ್‌ನ ಬಾಯಿಂದ "ಅಯ್ಯೋ" ಬಂತು.