ಇಂದುಮುಖಿಯ ಅಭಿಮಾನಿ

ರಕ್ತಪಿಶಾಚಿಯ ಕಾದಂಬರಿಗಳಿಂದ ಮನೆಮಾತಾಗಿದ್ದ ಇಂದುಮುಖಿಯ ಹೆಸರೆತ್ತಿದರೆ ವೃಂದಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಅತ್ತೆಗೋ, ವಾರಪತ್ರಿಕೆಯಲ್ಲಿ ಆಕೆಯ ಧಾರಾವಾಹಿ ಓದದೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ರಕ್ತ ಕುಡಿಯೋನನ್ನ ನಾಯಕ ಮಾಡಿ ಕೂರಿಸಿದಾಳಲ್ಲ, ಅದೇನು ಚೆಂದ ಅಂತ ಓದ್ತೀರೋ ಅತ್ತೆ!"

"ನಿಂಗೆ ಓದೋಕೆ ಬರಲ್ಲ ಅನ್ನು. ಅವಳ ಕೈಗೆ ಚಿನ್ನದ ಕಡಗ ತೊಡಿಸಬೇಕು."

ಬಾಣಂತಿ ವೃಂದಾಳ ಸಂಕಟವೇ ಬೇರೆ. ಕೂಸಿಗೆ ಎದೆಹಾಲು ಸಾಲುತ್ತಿರಲಿಲ್ಲ. ಹಾಲು ಹೆಚ್ಚಲೆಂದು ತವರಿನಿಂದ ಅಮ್ಮ ಕಳಿಸಿದ ಬೆಳ್ಳುಳ್ಳಿಯನ್ನು ಮಡಿವಂತ ಅತ್ತೆ ಹೊಸ್ತಿಲು ದಾಟಗೊಟ್ಟಿರಲಿಲ್ಲ. ಬೇಡಿಕೊಂಡದ್ದಾಯಿತು, ಅತ್ತದ್ದೂ ಆಯಿತು. ಅವರು ಜಗ್ಗಲಿಲ್ಲ.

ಈ ವಾರದ ಪತ್ರಿಕೆಯನ್ನು ಅವಳೇ ಮೊದಲು ತಿರುವಿಹಾಕಿದಳು. ಕಥೆಯ ಹುಡುಗಿ ಕೊರಳಿಗೆ ಬೆಳ್ಳುಳ್ಳಿಯ ಹಾರ ಹಾಕಿಕೊಂಡು ಪಿಶಾಚಿಯನ್ನು ಊರು ಬಿಡಿಸಿದ್ದಳು. ಮೊಟ್ಟಮೊದಲ ಸಲ ಲೇಖಕಿಯ ಮೇಲೆ ವೃಂದಾಳಿಗೆ ಅಕ್ಕರೆ ಉಕ್ಕಿತು. ಪತ್ರಿಕೆಯನ್ನು ಅತ್ತೆಯ ಕೈಗಿತ್ತು ಎದುರಿಗೇ ಕೂತಳು.

ಓದಿ ಮುಗಿಸಿದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡಿದ್ರಾ? ನಿಮ್ಮ ಇಂದುಮುಖಿಯವರೇ ಬರೆದಿದಾರೆ. ಬೆಳ್ಳುಳ್ಳಿಯಿಂದ ಒಂದು ಜೀವ ಉಳೀತು. ಇನ್ನಾದ್ರೂ ನಮ್ಮನೆಗೆ ತರಿಸೋಣ್ವಾ ಅತ್ತೆ?"

"ಸುಮ್ನಿರೇ! ಅಷ್ಟು ಜನರ ರಕ್ತ ಕುಡಿದ ಪಾಪಿ ಅವನು. ಅಂಥವನೇ ಬೆಳ್ಳುಳ್ಳಿ ಸೋಕಿಸಿಕೊಳ್ಳದೆ ಊರು ಬಿಟ್ಟುಹೋದ, ಪುಣ್ಯಾತ್ಮ!"